ಊರಿಗೊಂದು, ತಿಂಗಳಿಗೊಂದು ಟೇಬಲ್ ಬೇಕೇ? ಡೇಟಾಬೇಸ್ ವಿನ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಕಡೆ ಹಾಲಿನ ಡೇರಿ, ಗೊಬ್ಬರದ ಅಂಗಡಿ, ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಕೋಡ್ ಬರೆಯುವುದರಲ್ಲಿ ಚುರುಕು, ಪರದೆಗಳೂ ಚೆನ್ನಾಗಿರುತ್ತವೆ. ಡೇಟಾಬೇಸ್ ತೆರೆದು ನೋಡಿದರೆ ಮಾತ್ರ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ: ಹೊಸ ಊರು ಸೇರಿದಾಗ, ಹೊಸ ತಿಂಗಳು ಶುರುವಾದಾಗ ಪ್ರೋಗ್ರಾಂ ತಾನೇ ಒಂದು ಹೊಸ ಟೇಬಲ್ ಮಾಡಿಕೊಳ್ಳುತ್ತದೆ. ಹೀಗೆ ಮಾಡುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಹಾಲಿನ ಡೇರಿಯನ್ನೇ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಆ ಲೆಕ್ಕ ಗೊತ್ತಿಲ್ಲದವರು ಕಡಿಮೆ.

ಊರಿಗೊಂದು ಟೇಬಲ್ ಇಟ್ಟರೆ ಅಚ್ಚುಕಟ್ಟಾಗಿರುತ್ತಲ್ಲ, ಅದರಲ್ಲಿ ತಪ್ಪೇನು?

ಆ ಅಚ್ಚುಕಟ್ಟು ಮೊದಲ ಕೆಲವು ವಾರಗಳ ಮಟ್ಟಿಗೆ ಮಾತ್ರ. ಕೆರಗೋಡು, ಬಸರಾಳು, ದುದ್ದ ಎಂದು ಮೂರೇ ಡೇರಿ ಇರುವಾಗ ಹಾಲು_ಕೆರಗೋಡು, ಹಾಲು_ಬಸರಾಳು, ಹಾಲು_ದುದ್ದ ಎಂಬ ಮೂರು ಟೇಬಲ್ ಕಣ್ಣಿಗೆ ಹಿತವಾಗಿ ಕಾಣುತ್ತವೆ. ಇವತ್ತು ಬೆಳಗ್ಗೆ ಎಲ್ಲ ಡೇರಿ ಸೇರಿ ಎಷ್ಟು ಲೀಟರ್ ಬಂತು ಎಂದು ಯಾರಾದರೂ ಕೇಳಿದರೆ ಮೂರನ್ನೂ ಯೂನಿಯನ್ ಆಲ್ (ಸಾಲುಗಳನ್ನು ಒಂದರ ಕೆಳಗೊಂದು ಸೇರಿಸುವ ಆದೇಶ) ಹಾಕಿ ಜೋಡಿಸಬೇಕು. ನಾಲ್ಕನೇ ಡೇರಿ ಬಂದರೆ ಆ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ತಿದ್ದಬೇಕು, ಅಂಥದ್ದೇ ಕ್ವೆರಿ ಇರುವ ಪ್ರತಿ ವರದಿಯನ್ನೂ ತಿದ್ದಬೇಕು. ಒಂದು ಕಡೆ ಮರೆತರೆ ಎರರ್ ಬರುವುದಿಲ್ಲ. ಮೊತ್ತ ಕಡಿಮೆ ಬರುತ್ತದೆ, ಅಷ್ಟೇ. ಯಾರಿಗೂ ಗೊತ್ತಾಗದ ಹಾಗೆ ತಪ್ಪು ಮೊತ್ತ ತೋರಿಸುವ ಪ್ರೋಗ್ರಾಂಗಿಂತ ನಿಂತುಹೋಗುವ ಪ್ರೋಗ್ರಾಂ ಎಷ್ಟೋ ವಾಸಿ.

ಮೂಲ ಕಾರಣ ಇಷ್ಟು. ಯಾವ ಊರಿನ ಹಾಲು ಎಂಬುದು ಒಂದು ಮಾಹಿತಿ. ಅದು ಕಾಲಂನಲ್ಲಿದ್ದರೆ ಅದರ ಮೇಲೆ ಹುಡುಕಬಹುದು, ಗುಂಪು ಮಾಡಬಹುದು, ಬೇರೆ ಟೇಬಲ್ ಜೊತೆ ಜಾಯಿನ್ ಮಾಡಬಹುದು, ಅಂದರೆ ಹೊಂದುವ ಸಾಲುಗಳನ್ನು ಜೋಡಿಸಬಹುದು. ಟೇಬಲ್‌ನ ಹೆಸರೊಳಗೆ ಸೇರಿಕೊಂಡರೆ ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ಗೆ ಅದು ಸಿಗುವುದಿಲ್ಲ. ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ರಿಲೇಷನಲ್ ಮಾದರಿಯನ್ನು 1970ರಲ್ಲಿ ಮುಂದಿಟ್ಟ ಐಬಿಎಂನ ಎಡ್ಗರ್ ಕಾಡ್, 1985ರಲ್ಲಿ ಪಟ್ಟಿ ಮಾಡಿದ ನಿಯಮಗಳಲ್ಲಿ ಮೊದಲನೆಯದೇ ಇದು: ಮಾಹಿತಿಯೆಲ್ಲ ಟೇಬಲ್‌ಗಳೊಳಗಿನ ಮೌಲ್ಯಗಳಾಗಿಯೇ ಇರಬೇಕು, ಬೇರೆ ರೂಪದಲ್ಲಿ ಅಡಗಿರಬಾರದು. ನಾನು ಎಲ್ಲರಿಗೂ ಹೇಳುವುದೂ ಇದನ್ನೇ: ವ್ಯವಹಾರ ಬೆಳೆದಾಗ ಸಾಲುಗಳು ಹೆಚ್ಚಾಗಬೇಕು, ಟೇಬಲ್‌ಗಳಲ್ಲ.

ಇನ್ನೊಂದು ಸಂಗತಿ. ಮದ್ದೂರು ತಾಲ್ಲೂಕಿನಲ್ಲಿ ಒಂದು ಕೊಪ್ಪ ಇದೆ, ಪಿರಿಯಾಪಟ್ಟಣ ತಾಲ್ಲೂಕಿನಲ್ಲೂ ಒಂದು ಕೊಪ್ಪ ಇದೆ. ಹೊಸಹಳ್ಳಿಗಳಿಗಂತೂ ಲೆಕ್ಕವೇ ಇಲ್ಲ. ಟೇಬಲ್ ಹೆಸರು ಹಾಲು_ಕೊಪ್ಪ ಆದರೆ ಎರಡನೇ ಕೊಪ್ಪ ಬಂದ ದಿನ ಏನು ಮಾಡುತ್ತೀರಿ?

ಹಾಗಾದರೆ ಡೇರಿ ಲೆಕ್ಕಕ್ಕೆ ಟೇಬಲ್‌ಗಳು ಹೇಗಿರಬೇಕು?

ಟೇಬಲ್ ಬರೆಯುವ ಮುಂಚೆ ಒಂದು ಬೆಳಗ್ಗೆ ಡೇರಿ ಮುಂದೆ ನಿಂತು ನೋಡಿ. ಕ್ಯಾನ್ ಹಿಡಿದುಕೊಂಡು ಒಬ್ಬೊಬ್ಬರೇ ಬರುತ್ತಾರೆ, ಸದಸ್ಯರ ನಂಬರ್ ಹೇಳುತ್ತಾರೆ, ಹಾಲು ಅಳೆಯುತ್ತಾರೆ, ಸ್ಯಾಂಪಲ್ ತೆಗೆದು ಯಂತ್ರದಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ, ಚೀಟಿ ಬರುತ್ತದೆ. ಸಂಜೆ ಮತ್ತೆ ಇದೇ. ಬಟವಾಡೆ ದಿನ ಇದೆಲ್ಲ ಕೂಡಿಸಿ, ಪಶು ಆಹಾರದ ಬಾಕಿ ಹಿಡಿದುಕೊಂಡು, ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಟೇಬಲ್‌ಗಳು ಅಲ್ಲೇ ಕಾಣುತ್ತವೆ.

ಸಂಘ ಎಂಬ ಟೇಬಲ್: ಸಂಘದ ಐಡಿ, ಹೆಸರು, ಊರು, ತಾಲ್ಲೂಕು. ಸದಸ್ಯ ಎಂಬ ಟೇಬಲ್: ಸಂಘದ ಐಡಿ, ಸದಸ್ಯರ ಸಂಖ್ಯೆ, ಹೆಸರು, ಬ್ಯಾಂಕ್ ಖಾತೆ. ಇಲ್ಲಿ ಪ್ರೈಮರಿ ಕೀ (ಒಂದು ಸಾಲನ್ನು ಗುರುತಿಸುವ ಮೌಲ್ಯ) ಎಂದರೆ ಸಂಘದ ಐಡಿ ಮತ್ತು ಸದಸ್ಯರ ಸಂಖ್ಯೆ ಎರಡೂ ಸೇರಿ, ಏಕೆಂದರೆ 17ನೇ ನಂಬರಿನ ಸದಸ್ಯರು ಪ್ರತಿ ಸಂಘದಲ್ಲೂ ಇರುತ್ತಾರೆ. ಹಾಲು_ಸಂಗ್ರಹ ಎಂಬ ಟೇಬಲ್: ಸಂಘದ ಐಡಿ, ಸದಸ್ಯರ ಸಂಖ್ಯೆ, ದಿನಾಂಕ, ಹೊತ್ತು, ಹಾಲಿನ ಬಗೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಈ ಟೇಬಲ್‌ನಿಂದ ಸದಸ್ಯ ಟೇಬಲ್‌ಗೆ ಎರಡೂ ಕಾಲಂ ಸೇರಿದ ಫಾರಿನ್ ಕೀ (ಆ ಟೇಬಲ್‌ನಲ್ಲಿ ಇರುವ ಮೌಲ್ಯವನ್ನೇ ಬರೆಯಬೇಕೆಂಬ ನಿಯಮ) ಹಾಕಿ. ಆಗ ಆ ಸಂಘದಲ್ಲಿ ಇಲ್ಲದ ಸದಸ್ಯರ ಸಂಖ್ಯೆಗೆ ಹಾಲು ಬರೆಯುವುದನ್ನು ಡೇಟಾಬೇಸೇ ತಡೆಯುತ್ತದೆ.

ಯುನೀಕ್ ನಿರ್ಬಂಧದ (ಅದೇ ಮೌಲ್ಯ ಎರಡು ಸಲ ಬರಬಾರದು ಎಂಬ ನಿಯಮದ) ಬಗ್ಗೆ ಸ್ವಲ್ಪ ಯೋಚಿಸಬೇಕು. ಸಂಘ, ಸದಸ್ಯ, ದಿನಾಂಕ, ಹೊತ್ತು ಇಷ್ಟಕ್ಕೇ ಯುನೀಕ್ ಹಾಕಿದರೆ ಒಂದೇ ಚೀಟಿ ಎರಡು ಸಲ ಸೇರುವುದು ನಿಲ್ಲುತ್ತದೆ, ಸರಿ. ಆದರೆ ಹಸುವಿನ ಹಾಲು ಒಂದು ಕ್ಯಾನಿನಲ್ಲಿ, ಎಮ್ಮೆ ಹಾಲು ಇನ್ನೊಂದರಲ್ಲಿ ತರುವವರೂ ಇದ್ದಾರೆ. ಅದಕ್ಕೇ ಹಾಲಿನ ಬಗೆಯನ್ನೂ ಸೇರಿಸಬೇಕು. ಒಂದೇ ಬಗೆಯ ಹಾಲನ್ನು ಎರಡು ಕ್ಯಾನಿನಲ್ಲಿ ತಂದರೆ ಒಟ್ಟಿಗೆ ಅಳೆಯುತ್ತಾರೋ, ಬೇರೆ ಬೇರೆ ಚೀಟಿ ಕೊಡುತ್ತಾರೋ ಎಂದು ಸೆಕ್ರೆಟರಿಯವರನ್ನೇ ಕೇಳಿ. ಬೇರೆ ಕೊಡುತ್ತಾರೆಂದರೆ ಚೀಟಿ ಸಂಖ್ಯೆಯೂ ಕೀಯೊಳಗೆ ಬರಬೇಕಾಗುತ್ತದೆ. ಇಂಥ ಪ್ರಶ್ನೆಗಳು ಕೋಡ್ ಬರೆಯುವಾಗ ಹೊಳೆಯುವುದಿಲ್ಲ, ಟೇಬಲ್ ವಿನ್ಯಾಸ ಮಾಡುವಾಗ ಹೊಳೆಯುತ್ತವೆ. ಪ್ರೋಗ್ರಾಂ ಓಡುತ್ತಿರುವಾಗಲೇ ಟೇಬಲ್ ಹುಟ್ಟಿಸುವವರು ಕಳೆದುಕೊಳ್ಳುವುದು ಈ ಯೋಚನೆಯನ್ನೇ.

ಫ್ಯಾಟ್ ಸೊನ್ನೆಗಿಂತ ಕಡಿಮೆ ಬರಬಾರದು, ಹೊತ್ತು ಬೆಳಗ್ಗೆ ಅಥವಾ ಸಂಜೆ ಮಾತ್ರ ಆಗಿರಬೇಕು ಎಂಬುದಕ್ಕೆ ಚೆಕ್ ನಿರ್ಬಂಧ ಹಾಕಿ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವವರು ಗಮನಿಸಿ: 8.0.16ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಚೆಕ್ ಬರೆದರೆ ಎರರ್ ಇಲ್ಲದೆ ಒಪ್ಪಿಕೊಳ್ಳುತ್ತದೆ, ಜಾರಿ ಮಾತ್ರ ಮಾಡುವುದಿಲ್ಲ.

ಎಲ್ಲಾ ಒಂದೇ ಟೇಬಲ್‌ಗೆ ಹಾಕಿದರೆ ಸಾಲು ಕೋಟಿ ದಾಟುತ್ತೆ. ನಿಧಾನ ಆಗಲ್ವಾ?

ಲೆಕ್ಕ ಹಾಕೋಣ. ಒಂದು ಸಂಘದಲ್ಲಿ 200 ಜನ ಹಾಲು ಹಾಕುತ್ತಾರೆ ಎನ್ನಿ. ದಿನಕ್ಕೆ ಎರಡು ಹೊತ್ತು, 400 ಸಾಲು. ವರ್ಷಕ್ಕೆ 1,46,000. ಅಂಥ 100 ಸಂಘ ಇದ್ದರೆ ವರ್ಷಕ್ಕೆ 1.46 ಕೋಟಿ ಸಾಲು. ಕೇಳಲು ದೊಡ್ಡದು, ಡೇಟಾಬೇಸ್‌ಗೆ ಇದು ದಿನನಿತ್ಯದ ಕೆಲಸ.

ಬಿ-ಟ್ರೀ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ, ಮರದಂತೆ ಕವಲೊಡೆದ ಸೂಚಿ) ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಈ ಭಯ ಹೋಗುತ್ತದೆ. ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ ಒಂದು ಪುಟ (ಒಂದು ಸಲಕ್ಕೆ ಓದುವ ತುಂಡು) ಸಾಮಾನ್ಯವಾಗಿ 16 ಕಿಲೋಬೈಟ್, ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶದಲ್ಲಿ 8. ಕೀ ಚಿಕ್ಕದಾಗಿದ್ದರೆ ಒಂದು ಪುಟದಲ್ಲಿ ನೂರಾರು ನಮೂದು ಹಿಡಿಸುತ್ತವೆ. ಪುಟಕ್ಕೆ 500 ಎಂದು ಹಿಡಿದರೂ ಮೂರು ಮಟ್ಟದಲ್ಲಿ 500 × 500 × 500, ಅಂದರೆ 12.5 ಕೋಟಿ ನಮೂದುಗಳನ್ನು ತಲುಪಬಹುದು. ಒಂದು ಲಕ್ಷ ಸಾಲಿನಲ್ಲಿ ಹುಡುಕುವುದಕ್ಕೂ ಒಂದು ಕೋಟಿಯಲ್ಲಿ ಹುಡುಕುವುದಕ್ಕೂ ಒಂದು ಪುಟ ಹೆಚ್ಚು ಓದುವಷ್ಟೇ ವ್ಯತ್ಯಾಸ.

ಇಂಡೆಕ್ಸ್‌ನಲ್ಲಿ ಕಾಲಂಗಳ ಅನುಕ್ರಮ ಮಾತ್ರ ಸರಿಯಾಗಿರಬೇಕು. ನಿಮ್ಮ ಹೆಚ್ಚಿನ ಪ್ರಶ್ನೆಗಳು "ಈ ಸಂಘದಲ್ಲಿ, ಈ ದಿನದಿಂದ ಆ ದಿನದವರೆಗೆ" ಎಂದಿರುತ್ತವೆ. ಹಾಗಾಗಿ ಸಂಘ ಮೊದಲು, ದಿನಾಂಕ ಆಮೇಲೆ. ತಿರುಗಿಸಿ ದಿನಾಂಕ ಮೊದಲು ಹಾಕಿದರೆ ಒಂದು ತಿಂಗಳ ಬಟವಾಡೆ ತೆಗೆಯಲು ಆ ತಿಂಗಳ ಎಲ್ಲ ಸಂಘಗಳ ನಮೂದುಗಳನ್ನೂ ದಾಟಿಕೊಂಡು ಹೋಗಬೇಕಾಗುತ್ತದೆ. ನಿಧಾನ ಎಂದು ನನ್ನ ಬಳಿ ಬರುವವರ ಟೇಬಲ್‌ನಲ್ಲಿ ಬಹುತೇಕ ಇಂಡೆಕ್ಸೇ ಇರುವುದಿಲ್ಲ, ಇದ್ದರೆ ಹೀಗೆ ತಲೆಕೆಳಗಾಗಿರುತ್ತದೆ. ಟೇಬಲ್ ಒಡೆಯುವ ಮೊದಲು, ಕ್ವೆರಿ ಹೇಗೆ ಓಡುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಆದೇಶ ಹಾಕಿ ನೋಡಿ.

ಡೇರಿ ಪುಸ್ತಕವೂ ತಿಂಗಳು ತಿಂಗಳು ಹೊಸದಾಗಿರುತ್ತೆ. ತಿಂಗಳಿಗೊಂದು ಟೇಬಲ್ ಯಾಕೆ ಬೇಡ?

ಈ ಅಭ್ಯಾಸ ಬಂದಿರುವುದು ಪುಸ್ತಕದಿಂದಲೇ. ಪುಸ್ತಕದ ಹಾಳೆ ಮುಗಿಯುತ್ತದೆ, ಹೊಸದು ತೆರೆಯಲೇಬೇಕು. ಟೇಬಲ್‌ಗೆ ಆ ಕಷ್ಟ ಇಲ್ಲ.

ಹಳೆಯ ವರ್ಷದ ಸಾಲುಗಳನ್ನು ಒಟ್ಟಿಗೆ ತೆಗೆದಿಡಬೇಕು ಎಂಬುದು ಮಾತ್ರ ನ್ಯಾಯವಾದ ಬೇಡಿಕೆ. ಅದಕ್ಕೆ ಪಾರ್ಟಿಷನ್ ಇದೆ. 2017ರ ಪೋಸ್ಟ್‌ಗ್ರೆಸ್ 10ರಿಂದ, ಟೇಬಲ್ ಮಾಡುವಾಗಲೇ ದಿನಾಂಕದ ಮೇಲೆ ಭಾಗ ಮಾಡು ಎಂದು ಹೇಳಬಹುದು. ಒಳಗೆ ಭಾಗಗಳು ಬೇರೆ ಬೇರೆ ಇದ್ದರೂ ನಿಮ್ಮ ಪ್ರೋಗ್ರಾಂಗೆ ಕಾಣುವುದು ಹಾಲು_ಸಂಗ್ರಹ ಎಂಬ ಒಂದೇ ಹೆಸರು. ಏಪ್ರಿಲ್ ತಿಂಗಳು ಕೇಳಿದರೆ ಉಳಿದ ಭಾಗಗಳನ್ನು ಮುಟ್ಟದೆ ಏಪ್ರಿಲ್ ಮಾತ್ರ ಓದುತ್ತದೆ. ಹಳೆಯ ಭಾಗವನ್ನು ಕಳಚಿ ಇಡುವುದಕ್ಕೂ ಒಂದೇ ಆದೇಶ ಸಾಕು. ಹೊಸ ಭಾಗ ಸೇರಿಸುವುದೂ ಒಂದು ರೀತಿ ಟೇಬಲ್ ಹುಟ್ಟಿಸುವುದೇ ಅಲ್ಲವೇ ಎಂದರೆ, ಹೌದು. ಆದರೆ ಕಾಲಂ, ನಿರ್ಬಂಧ ಎಲ್ಲ ಒಂದೇ ಕಡೆ ಬರೆದಿರುತ್ತವೆ, ದಿನಾಂಕವೂ ಕಾಲಂನಲ್ಲೇ ಉಳಿದಿರುತ್ತದೆ.

ಎರಡು ಷರತ್ತು ನೆನಪಿರಲಿ. ಪಾರ್ಟಿಷನ್ ಮಾಡಿದ ಕಾಲಂ ಪ್ರೈಮರಿ ಕೀಯೊಳಗೂ ಇರಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಪಾರ್ಟಿಷನ್ ಮಾಡಿದ ಇನ್ನೋಡಿಬಿ ಟೇಬಲ್‌ಗೆ ಫಾರಿನ್ ಕೀ ಹಾಕಲು ಬರುವುದಿಲ್ಲ. ಹತ್ತಿಪ್ಪತ್ತು ಸಂಘದ ಲೆಕ್ಕಕ್ಕೆ ಪಾರ್ಟಿಷನ್ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಫಾರಿನ್ ಕೀ ಬಿಟ್ಟುಕೊಟ್ಟು ಅದನ್ನು ತರುವುದು ನಷ್ಟದ ವ್ಯಾಪಾರ.

ಟೇಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದಾ?

ಇಡಬಹುದು. ಈ ಪುಟದಲ್ಲೂ ನಾನು ಹಾಗೇ ಬರೆದಿದ್ದೇನೆ. ಆದರೆ ಹೆಸರಿನೊಳಗೆ ಊರು, ತಿಂಗಳು ತುರುಕುವವರಿಗೆ ಇಲ್ಲೊಂದು ಹೊಂಡ ಇದೆ.

ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಒತ್ತು, ಕೊಂಬು, ಏತ್ವ, ಸೊನ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳೇ. ಈಗ ಹಾಲು_ಸಂಗ್ರಹ_ಕೃಷ್ಣರಾಜಪೇಟೆ_2024_04 ಎಂಬ ಹೆಸರು ನೋಡಿ. "ಹಾಲು" 12 ಬೈಟ್, "ಸಂಗ್ರಹ" 18, ಎರಡು ಅಡಿಗೆರೆ ಸೇರಿ 32. "ಕೃಷ್ಣರಾಜಪೇ" ಮುಗಿಯುವ ಹೊತ್ತಿಗೆ ಇನ್ನೂ 30 ಸೇರಿ 62 ಆಯಿತು. ಮುಂದಿನ "ಟ"ಗೆ ಜಾಗವಿಲ್ಲ. ಪೋಸ್ಟ್‌ಗ್ರೆಸ್ ಹೆಸರನ್ನು ಅಲ್ಲಿಗೇ ಕತ್ತರಿಸುತ್ತದೆ. ಅದು ಕೊಡುವುದು ನೋಟಿಸ್ ಮಾತ್ರ, ಎರರ್ ಅಲ್ಲ. ಮೇ ತಿಂಗಳ ಹೆಸರೂ ಅದೇ ಜಾಗದಲ್ಲಿ ತುಂಡಾಗುತ್ತದೆ. ಪ್ರೋಗ್ರಾಂನಲ್ಲಿ "ಇಲ್ಲದಿದ್ದರೆ ಮಾತ್ರ ಟೇಬಲ್ ಮಾಡು" ಎಂದು ಬರೆದಿದ್ದರೆ, ಟೇಬಲ್ ಇದೆಯಲ್ಲ ಎಂದು ಏಪ್ರಿಲ್ ಟೇಬಲ್‌ಗೇ ಮೇ ತಿಂಗಳ ಹಾಲು ಹೋಗಿ ಬೀಳುತ್ತದೆ. ತಿಂಗಳು ಹೆಸರಿನಲ್ಲಿದೆ ಎಂದು ದಿನಾಂಕದ ಬದಲು ತಾರೀಖನ್ನಷ್ಟೇ ಸಾಲಿನಲ್ಲಿ ಬರೆದಿದ್ದರೆ 5ನೇ ತಾರೀಖು ಯಾವ ತಿಂಗಳದ್ದು ಎಂದು ಬಿಡಿಸಲು ದಾರಿಯೇ ಇಲ್ಲ.

ಪ್ರೋಗ್ರಾಂ ತಾನೇ ಟೇಬಲ್ ಮಾಡಿಕೊಂಡರೆ ಬೇರೆ ಅಪಾಯ ಇದೆಯಾ?

ಮೂರು ಹೇಳುತ್ತೇನೆ.

ಮೊದಲನೆಯದು ಸುರಕ್ಷತೆ. ಆದೇಶವನ್ನು ಮೊದಲೇ ಬರೆದು ಮೌಲ್ಯಗಳನ್ನು ಆಮೇಲೆ ಸೇರಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಮೌಲ್ಯಗಳನ್ನು ಮಾತ್ರ ಕಟ್ಟಲು ಬರುತ್ತದೆ, ಟೇಬಲ್ ಹೆಸರನ್ನಲ್ಲ. ಹಾಗಾಗಿ ಊರಿನ ಹೆಸರನ್ನು ಆದೇಶದ ಸಾಲಿಗೆ ನೀವೇ ಅಂಟಿಸುತ್ತೀರಿ. ಯಾರೋ ಹೆಸರಿನ ಜಾಗದಲ್ಲಿ ಬೇರೊಂದು ಎಸ್‌ಕ್ಯುಎಲ್ ತುಣುಕು ಬರೆದರೆ ಅದೂ ಓಡುತ್ತದೆ. ಅದರ ಮೇಲೆ ಆ ಲಾಗಿನ್‌ಗೆ ಟೇಬಲ್ ಮಾಡುವ ಅಧಿಕಾರವನ್ನೂ ಕೊಟ್ಟಿರುತ್ತೀರಿ.

ಎರಡನೆಯದು ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಕೆಲಸಗಳ ಗುಂಪು. ಮೈಎಸ್‌ಕ್ಯುಎಲ್‌ನಲ್ಲಿ ಕ್ರಿಯೇಟ್ ಟೇಬಲ್ ಓಡಿದ ಕೂಡಲೇ ಅಲ್ಲಿಯವರೆಗಿನ ಕೆಲಸ ತಾನಾಗಿ ಕಮಿಟ್ ಆಗುತ್ತದೆ, ಅಂದರೆ ಖಾಯಂ ಆಗುತ್ತದೆ. ಬಟವಾಡೆಯ ನಡುವೆ ಹೀಗಾಗಿ, ಆಮೇಲೆ ಏನೋ ಕೆಟ್ಟರೆ, ಅರ್ಧ ಸದಸ್ಯರಿಗೆ ಜಮಾ ಆಗಿ ಅರ್ಧ ಸದಸ್ಯರಿಗೆ ಆಗದೆ ನಿಲ್ಲುತ್ತದೆ. ರೋಲ್‌ಬ್ಯಾಕ್ ಮಾಡಿದರೆ ಹಿಂದಕ್ಕೆ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಮಾಡುವುದೂ ಟ್ರಾನ್ಸಾಕ್ಷನ್ ಒಳಗೇ ಇರುತ್ತದೆ, ಅಲ್ಲಿ ಈ ತೊಂದರೆ ಇಲ್ಲ.

ಮೂರನೆಯದು ಟೇಬಲ್‌ಗಳು ಒಂದರಂತೆ ಒಂದು ಉಳಿಯದಿರುವುದು. ಹಳೆಯ ಟೇಬಲ್ ನೋಡಿ ಅದರಂತೆ ಹೊಸದು ಮಾಡು ಎಂದು ಮೈಎಸ್‌ಕ್ಯುಎಲ್‌ಗೆ ಹೇಳಿದರೆ ಇಂಡೆಕ್ಸ್ ಬರುತ್ತವೆ, ಫಾರಿನ್ ಕೀ ಬರುವುದಿಲ್ಲ. ಜೂನ್‌ನಲ್ಲಿ ಒಂದು ಕಾಲಂ ಸೇರಿಸಿದರೆ ಮೇವರೆಗಿನ ಟೇಬಲ್‌ಗಳಲ್ಲಿ ಅದು ಇಲ್ಲ, ಯೂನಿಯನ್ ಅಲ್ಲೇ ಮುರಿಯುತ್ತದೆ. 100 ಸಂಘ, 12 ತಿಂಗಳು, 5 ವರ್ಷ ಎಂದರೆ 6000 ಟೇಬಲ್. ಅಷ್ಟಕ್ಕೂ ಕಾಲಂ ಸೇರಿಸುವ ರಾತ್ರಿ ಯಾರಿಗೂ ಬೇಡ.

ಒಬ್ಬೊಬ್ಬರು ಒಂದೊಂದು ಹೊಸ ಕಾಲಂ ಕೇಳ್ತಾರೆ. ಆಗಲೂ ಸ್ಥಿರ ಟೇಬಲ್ ಸಾಧ್ಯವಾ?

ಇದು ನಿಜವಾಗಿಯೂ ಕಷ್ಟದ ಪ್ರಶ್ನೆ. ಒಂದು ಸಂಘಕ್ಕೆ ಸದಸ್ಯರ ರಾಸುಗಳ ವಿಮೆ ವಿವರ ಬೇಕು, ಇನ್ನೊಂದಕ್ಕೆ ಮೇವಿನ ಜಮೀನು ಎಷ್ಟು ಎಂದು ಬೇಕು.

ಮೊದಲು ಕೇಳಿಕೊಳ್ಳಬೇಕಾದ್ದು: ಇದು ನಿಜಕ್ಕೂ ಕಾಲಂ ಆಗಬೇಕಾದದ್ದೇ? ರಾಸು ವಿಮೆ ಎಂದರೆ ಒಬ್ಬ ಸದಸ್ಯರಿಗೆ ಹಲವು ರಾಸು, ಒಂದೊಂದಕ್ಕೂ ಕಿವಿ ಓಲೆ ಸಂಖ್ಯೆ, ವಿಮೆ ಮುಗಿಯುವ ದಿನ. ಅದು ರಾಸು ಎಂಬ ಹೊಸ ಟೇಬಲ್. ವಿಮೆ1, ವಿಮೆ2, ವಿಮೆ3 ಎಂದು ಕಾಲಂ ಸೇರಿಸುವವರು ನಾಲ್ಕನೇ ಹಸು ಬಂದಾಗ ಸಿಕ್ಕಿಕೊಳ್ಳುತ್ತಾರೆ. ಈ ಟೇಬಲನ್ನು ನೀವು ಯೋಚಿಸಿ ಒಂದು ಸಲ ಮಾಡುತ್ತೀರಿ, ಎಲ್ಲ ಸಂಘಕ್ಕೂ ಅದೇ ಇರುತ್ತದೆ. ಪ್ರೋಗ್ರಾಂ ತಾನಾಗಿ ಮಾಡುವ ಟೇಬಲ್‌ಗೂ ಇದಕ್ಕೂ ಅಲ್ಲೇ ವ್ಯತ್ಯಾಸ.

ಹಲವರು ಹಿಡಿಯುವ ದಾರಿ: ಸದಸ್ಯ, ಗುಣದ ಹೆಸರು, ಮೌಲ್ಯ ಎಂಬ ಮೂರೇ ಕಾಲಂನ ಟೇಬಲ್. ಏನು ಬೇಕಾದರೂ ತುಂಬಬಹುದು ಎಂದು ಖುಷಿಯಾಗುತ್ತದೆ. ಆಮೇಲೆ "ಎರಡು ಎಕರೆಗಿಂತ ಹೆಚ್ಚು ಮೇವಿನ ಜಮೀನು ಇರುವ, ಕೊಳವೆಬಾವಿ ಇಲ್ಲದ, ಮದ್ದೂರು ತಾಲ್ಲೂಕಿನವರು" ಎಂದು ಕೇಳಿ ನೋಡಿ. ಒಂದೊಂದು ಷರತ್ತಿಗೂ ಅದೇ ಟೇಬಲ್ಲನ್ನು ಮತ್ತೆ ಜಾಯಿನ್ ಮಾಡಬೇಕು. ಮೌಲ್ಯಗಳೆಲ್ಲ ಪಠ್ಯವಾಗಿರುವುದರಿಂದ ಹೋಲಿಸುವಾಗ 10 ಎಂಬುದು 9ಕ್ಕಿಂತ ಚಿಕ್ಕದಾಗುತ್ತದೆ. ಕಡ್ಡಾಯ, ಮಿತಿ, ಫಾರಿನ್ ಕೀ ಯಾವುದೂ ಇಲ್ಲ.

ನನ್ನ ಸಲಹೆ ಇದು. ಲೆಕ್ಕಕ್ಕೆ, ಹುಡುಕುವುದಕ್ಕೆ, ವರದಿಗೆ ಬರುವುದೆಲ್ಲ ನಿಜವಾದ ಕಾಲಂ ಆಗಲಿ. ಪರದೆಯ ಮೇಲೆ ತೋರಿಸುವುದಕ್ಕೆ ಮಾತ್ರ ಬೇಕಾದ ಚಿಲ್ಲರೆ ವಿವರಗಳಿಗೆ ಒಂದು ಜೇಸನ್ ಕಾಲಂ (ಹೆಸರು, ಮೌಲ್ಯಗಳ ಜೋಡಿಗಳನ್ನು ಒಟ್ಟಿಗೆ ಇಡುವ ಕಾಲಂ) ಇಡಿ. ಪೋಸ್ಟ್‌ಗ್ರೆಸ್‌ನಲ್ಲಿ 2014ರ 9.4ನೇ ಆವೃತ್ತಿಯಿಂದ ಜೇಸನ್‌ಬಿ ಇದೆ, ಇಂಡೆಕ್ಸ್ ಕೂಡ ಹಾಕಬಹುದು. ಮೈಎಸ್‌ಕ್ಯುಎಲ್‌ನಲ್ಲಿ 5.7ರಿಂದ ಜೇಸನ್ ಇದೆ. ಜೇಸನ್ ಒಳಗಿನ ಒಂದು ವಿವರವನ್ನು ಜನ ಪದೇ ಪದೇ ಹುಡುಕಲು ಶುರುಮಾಡಿದರೆ ಅದನ್ನು ಕಾಲಂಗೆ ಏರಿಸಿ.

ಒಂದೊಂದು ಸಂಘಕ್ಕೂ ಬೇರೆ ಡೇಟಾಬೇಸ್ ಕೊಡುವುದೂ ತಪ್ಪಾ?

ತಪ್ಪಲ್ಲ. ಸಂಘಗಳು ಒಂದಕ್ಕೊಂದು ಸಂಬಂಧವಿಲ್ಲದ ಗ್ರಾಹಕರಾಗಿದ್ದರೆ, ಬ್ಯಾಕಪ್ ಬೇರೆ ಬೇಕು ಎಂದರೆ, ಒಟ್ಟು ವರದಿ ಯಾರೂ ಕೇಳುವುದಿಲ್ಲ ಎಂದರೆ ಬೇರೆ ಡೇಟಾಬೇಸ್ ಒಳ್ಳೆಯ ಆಯ್ಕೆ. ಎಲ್ಲದರಲ್ಲೂ ಒಂದೇ ವಿನ್ಯಾಸ ಇರಬೇಕು, ಬದಲಾವಣೆಗಳು ಒಂದೇ ಸ್ಕ್ರಿಪ್ಟ್‌ನಿಂದ ಎಲ್ಲಕ್ಕೂ ಹೋಗಬೇಕು. ಒಂದರ ಲೆಕ್ಕ ಇನ್ನೊಂದಕ್ಕೆ ಕಾಣಬಾರದು ಎಂಬುದಷ್ಟೇ ಚಿಂತೆಯಾದರೆ ಪೋಸ್ಟ್‌ಗ್ರೆಸ್ 9.5ರಿಂದ ಸಾಲು ಮಟ್ಟದ ಭದ್ರತೆ ಇದೆ, ಒಂದೇ ಟೇಬಲ್‌ನಲ್ಲೇ ಅದನ್ನು ಸಾಧಿಸಬಹುದು.

ತಾತ್ಕಾಲಿಕ ಟೇಬಲ್?

ಧಾರಾಳವಾಗಿ ಬಳಸಿ. ಆ ಸೆಷನ್ ಮುಗಿದಾಗ ಅದೂ ಹೋಗುತ್ತದೆ, ಯಾರ ಲೆಕ್ಕವೂ ಅದರ ಮೇಲೆ ನಿಂತಿರುವುದಿಲ್ಲ.

ದರ ಬೇರೆ ಟೇಬಲ್‌ನಲ್ಲಿ ಇರುವಾಗ ಹಾಲು_ಸಂಗ್ರಹದಲ್ಲೂ ದರ ಬರೆಯುವುದು ನಾರ್ಮಲೈಸೇಷನ್‌ಗೆ (ಒಂದು ಸಂಗತಿಯನ್ನು ಒಂದೇ ಕಡೆ ಬರೆಯುವ ನಿಯಮಕ್ಕೆ) ವಿರುದ್ಧ ಅಲ್ಲವೇ?

ಅಲ್ಲ. ದರ ಟೇಬಲ್ ಹೇಳುವುದು ಆ ದಿನ ಜಾರಿಯಲ್ಲಿದ್ದ ದರ. ಸಂಗ್ರಹದ ಸಾಲು ಹೇಳುವುದು ಆ ಚೀಟಿಗೆ ನಿಜವಾಗಿ ಕೊಟ್ಟ ದರ. ಎರಡು ಬೇರೆ ಸಂಗತಿಗಳು. ನಾಳೆ ದರಪಟ್ಟಿ ತಿದ್ದಿದರೆ ಹೋದ ತಿಂಗಳ ಚೀಟಿ ಬದಲಾಗಬಾರದು.

ದರ ಟೇಬಲ್‌ಗೆ "ಯಾವಾಗಿನಿಂದ" ಎಂಬ ಕಾಲಂ ಇರಲೇಬೇಕು. ಸರ್ಕಾರದ ಪ್ರೋತ್ಸಾಹಧನವನ್ನೇ ನೋಡಿ: 2008ರಲ್ಲಿ ಲೀಟರಿಗೆ 2 ರೂಪಾಯಿ, 2013ರಲ್ಲಿ 4, 2016ರಲ್ಲಿ 5. ಒಂದೇ ಸಾಲು ಇಟ್ಟುಕೊಂಡು ಪ್ರತಿ ಸಲ ಅದರ ಮೇಲೇ ತಿದ್ದಿದ್ದರೆ ಹಳೆಯ ಬಾಕಿಯ ತಕರಾರಿಗೆ ಉತ್ತರ ಇರುತ್ತಿರಲಿಲ್ಲ.

ಊರು, ಜಿಲ್ಲೆಯ ಹೆಸರನ್ನೇ ಕೀ ಮಾಡಿದರೆ?

ಬೇಡ. 2014ರ ನವೆಂಬರ್ 1ರಂದು ಇಂಗ್ಲಿಷ್‌ನಲ್ಲಿದ್ದ ಮೈಸೋರ್ ಅಧಿಕೃತವಾಗಿ ಮೈಸೂರು ಆಯಿತು. 1997ರಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆ ಜಿಲ್ಲೆಯಾಯಿತು. ಮಂಡ್ಯವೇ 1939ರಲ್ಲಿ ಮೈಸೂರಿನಿಂದ ಬೇರೆಯಾದದ್ದು. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದ ಕಾಲವೂ ಇತ್ತು. ಐಡಿ ಬೇರೆ ಇಟ್ಟರೆ ಹೆಸರು ಬದಲಾದ ದಿನ ಒಂದು ಸಾಲು ತಿದ್ದಿದರೆ ಆಯಿತು.

ದುಡ್ಡಿಗೆ, ಲೀಟರಿಗೆ ಫ್ಲೋಟ್ ಸಾಲದೇ?

ಡೆಸಿಮಲ್ ಬಳಸಿ. ಸಂಖ್ಯೆಯನ್ನು ಅಂದಾಜಾಗಿ ಇಡುವ ಫ್ಲೋಟ್ ಮಾದರಿಯಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಪೈಸೆಯನ್ನು ಚೀಟಿ ಚೀಟಿಗೂ ದುಂಡುಮಾಡಬೇಕೋ, ಬಟವಾಡೆಯ ಒಟ್ಟು ಮೊತ್ತಕ್ಕೋ ಎಂದು ಸಂಘದವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಎರಡರ ಮೊತ್ತ ಒಂದೇ ಇರಬೇಕೆಂದಿಲ್ಲ.

ಈಗಾಗಲೇ ನೂರಾರು ಟೇಬಲ್ ಆಗಿಹೋಗಿವೆ. ಒಂದುಗೂಡಿಸುವುದು ಹೇಗೆ?

ಆಗುತ್ತದೆ, ಅವಸರ ಬೇಡ. ಮೊದಲು ಪೂರ್ತಿ ಬ್ಯಾಕಪ್ ತೆಗೆದು, ಅದನ್ನು ಬೇರೆ ಕಂಪ್ಯೂಟರಿನಲ್ಲಿ ಮರುಸ್ಥಾಪಿಸಿ ತೆರೆದುಕೊಳ್ಳುತ್ತದೆಯೇ ನೋಡಿ. ಹೊಸ ಟೇಬಲ್‌ಗಳನ್ನು ನಿರ್ಬಂಧಗಳ ಸಮೇತ ಮಾಡಿ. ಡೇಟಾಬೇಸ್ ತನ್ನ ಟೇಬಲ್‌ಗಳ ವಿವರ ಇಟ್ಟುಕೊಳ್ಳುವ ಇನ್ಫರ್ಮೇಷನ್ ಸ್ಕೀಮಾದಿಂದ ಹಳೆಯ ಟೇಬಲ್‌ಗಳ ಪಟ್ಟಿ ತೆಗೆದು, ಪ್ರತಿ ಹೆಸರಿನ ಪಕ್ಕ ಅದು ಯಾವ ಸಂಘ, ಯಾವ ತಿಂಗಳು ಎಂದು ಕೈಯಲ್ಲೇ ಬರೆದು ಒಂದು ಹೊಂದಿಕೆ ಟೇಬಲ್ ಮಾಡಿ. ಇದನ್ನು ಸ್ಕ್ರಿಪ್ಟ್‌ಗೆ ಬಿಡಬೇಡಿ, ಎರಡು ಕೊಪ್ಪಗಳನ್ನು ಬೇರೆ ಮಾಡಬಲ್ಲವರು ನೀವು ಮಾತ್ರ. ಆಮೇಲೆ ಇನ್ಸರ್ಟ್ ಸೆಲೆಕ್ಟ್‌ನಿಂದ ಒಂದೊಂದೇ ಟೇಬಲ್ ತುಂಬಿಸಿ. ನಿರ್ಬಂಧಗಳು ತಡೆದ ಸಾಲುಗಳನ್ನು ಪಕ್ಕಕ್ಕಿಟ್ಟು ಸಂಘದವರ ಮುಂದೆ ಇಡಿ; ಎರಡು ಸಲ ಬಿದ್ದ ಚೀಟಿ, ಸದಸ್ಯರೇ ಇಲ್ಲದ ನಂಬರ್ ಎಲ್ಲ ಆಗ ಹೊರಗೆ ಬರುತ್ತವೆ.

ಸಾಲುಗಳ ಸಂಖ್ಯೆ ಸರಿಹೋದರೆ ಸಾಲದು. ಸಂಘವಾರು, ತಿಂಗಳುವಾರು ಲೀಟರ್ ಮತ್ತು ರೂಪಾಯಿ ಮೊತ್ತ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗಬೇಕು. ಹಳೆಯ ವರದಿಗಳನ್ನು ಒಂದೇ ದಿನ ತಿದ್ದಲು ಆಗದಿದ್ದರೆ ಹಳೆಯ ಹೆಸರಿನಲ್ಲೇ ವ್ಯೂ (ಟೇಬಲ್‌ನಂತೆ ಕಾಣುವ, ಉಳಿಸಿಟ್ಟ ಕ್ವೆರಿ) ಮಾಡಿಡಿ, ಅದು ಹೊಸ ಟೇಬಲ್‌ನಿಂದ ಆ ಸಂಘದ, ಆ ತಿಂಗಳ ಸಾಲುಗಳನ್ನು ತೋರಿಸಲಿ. ಓದುವುದಕ್ಕೆ ಮಾತ್ರ, ಬರೆಯುವುದೆಲ್ಲ ನೇರವಾಗಿ ಹೊಸ ಟೇಬಲ್‌ಗೇ ಹೋಗಬೇಕು.

ಒಂದೆರಡು ಬಟವಾಡೆ ಸರಿಯಾಗಿ ನಡೆದ ಮೇಲೆ ಪ್ರೋಗ್ರಾಂ ಬಳಸುವ ಲಾಗಿನ್‌ನಿಂದ ಟೇಬಲ್ ಮಾಡುವ ಅನುಮತಿ ತೆಗೆದುಹಾಕಿ. ಕೋಡ್‌ನ ಯಾವುದೋ ಮೂಲೆಯಲ್ಲಿ ಟೇಬಲ್ ಹುಟ್ಟಿಸುವ ಹಳೆಯ ಸಾಲು ಉಳಿದಿದ್ದರೆ ಮುಂದಿನ ತಿಂಗಳ 1ನೇ ತಾರೀಖು ಎರರ್ ಬಂದು ಸಿಕ್ಕಿಬೀಳುತ್ತದೆ.